ಸಾಲಿ ಮಾಳಿಗಿಯ ಮಣ್ಣು

ನಾನು ಕಟ್ಟಿಸಿದ ಶಾಲೆಗಳಲ್ಲಿ ಒಂದೂ ನೋಡಲು ಚೆಂದವಿರಲಿಲ್ಲ. ದಪ್ಪ ಬುಡ, ಕುಳ್ಳ ಗೋಡೆ, ಸೊಂಟಕ್ಕೆ ಬೆಲ್ಟ್ ಬಿಗಿದಂತೆ ಗೋಡೆಯ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಒಂದೊಂದು ಕೋಣೆಗೆ ಎರಡೆರಡು ಬಾಗಿಲು. ನನ್ನ ಜೊತೆ ಆರ್ಕಿಟೆಕ್ಚರ್ ಓದಿದ ಗೆಳತಿಯರು ಮುಂಬಯಿಯಲ್ಲಿ ಸಮುದ್ರ ಕಾಣುವ ಫ್ಲಾಟುಗಳನ್ನು ಡಿಸೈನ್ ಮಾಡುತ್ತಿದ್ದಾಗ ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಜೀಪಿನಲ್ಲಿ ಧೂಳು ಕುಡಿಯುತ್ತ ತಿರುಗುತ್ತಿದ್ದೆ. ಬೇಜಾರಿದೆಯೇ ಎಂದು ಈಗ ಯಾರಾದರೂ ಕೇಳಿದರೆ, ಹಾನೆಸ್ಟ್ಲಿ, ಇಲ್ಲ. ಬೇಜಾರು ಒಂದಕ್ಕೇ. ಆ ಜೀಪಿಗೆ ನನ್ನನ್ನು ಇನ್ನು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಹತ್ತಿಸಿಕೊಂಡರೂ ಈ ಮಂಡಿಗಳು ಹತ್ತುವುದಿಲ್ಲ.

ಇದನ್ನು ಬರೆಯುತ್ತಿರುವುದು ಇದೇ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳಿಗಾಗಿ. ನಿಮ್ಮ ಬಾಯಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಕಮ್ಯುನಿಟಿ ಪಾರ್ಟಿಸಿಪೇಷನ್ ಎನ್ನುತ್ತೀರಿ, ಹಜಾರ್ಡ್ ರೆಸಿಸ್ಟೆಂಟ್ ಎನ್ನುತ್ತೀರಿ. ವೆರಿ ನೈಸ್. ಎಪ್ಪತ್ತರ ದಶಕದಲ್ಲಿ ನಾವು 'ಊರವರನ್ನು ಕೇಳಿ ಕಟ್ಟುವುದು' ಎನ್ನುತ್ತಿದ್ದೆವು, ಅದನ್ನೂ ಆಫೀಸಿನಲ್ಲಿ ಮೆಲ್ಲಗೆ.

ಆ ನಾಲ್ಕು ತಾಲೂಕುಗಳಲ್ಲಿ ಶಾಲೆಗೆ ಶತ್ರುಗಳು ಹಲವರು. ಮೊದಲನೆಯದು ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಬಿರಿಸುತ್ತದೆ. ಆಮೇಲೆ ಮುಂಗಾರಿನ ಮುಂಚಿನ ಗಾಳಿ. ಚಾವಣಿಯ ತಗಡು ಅದಕ್ಕೆ ಕಾಗದದ ಹಾಳೆ ಇದ್ದಂತೆ. ಭೀಮಾ, ಡೋಣಿ ಹೊಳೆಗಳು ಉಕ್ಕುವುದು ಬೇರೆ. ಎಲ್ಲಕ್ಕಿಂತ ಕೆಟ್ಟದ್ದು, ಕ್ಷಮಿಸಿ, ಎಲ್ಲರೂ ಪ್ರೀತಿಸುವ ಮಣ್ಣಿನ ಮಾಳಿಗೆ, ಎಂದರೆ ಮಣ್ಣು ಹೊದಿಸಿದ ಸಪಾಟು ಚಾವಣಿ. ತಂಪಾಗಿರುತ್ತದೆ ನಿಜ. ಆದರೆ ಟನ್‌ಗಟ್ಟಲೆ ಮಣ್ಣು ತಲೆಯ ಮೇಲೆ, ಅದರ ಕೆಳಗೆ ಮಳೆಯಲ್ಲಿ ನೆನೆದ ಮಣ್ಣಿನ ಗೋಡೆ. ಗೋಡೆ ಕುಸಿದರೆ ಓಡಲು ಟೈಮ್ ಕೊಡುವುದಿಲ್ಲ.

ನಮ್ಮ ದೊಡ್ಡ ಸಾಹೇಬರು ದೇಶಪಾಂಡೆಯವರು, ಶಾಲೆ ಕಟ್ಟುವ ಕೆಲಸದ ಇಂಜಿನಿಯರು. ಇಸ್ತ್ರಿಯ ಬಿಳಿ ಬುಶ್ ಶರ್ಟು, ಬಾಯಲ್ಲಿ ಸದಾ ಒಂದು ಲವಂಗ. ಅವರಿಗೆ ಟೈಪ್ ಪ್ಲಾನ್ ಎಂದರೆ ಪ್ರಾಣ. ಒಂದು ನಕ್ಷೆ ತೆಗೆಯಬೇಕು, ಅದರ ನೀಲಿ ಪ್ರತಿಗಳನ್ನು ಎಲ್ಲ ಊರಿಗೂ ಹಂಚಬೇಕು.

"ಅಲ್ಲವಾ ಮಿಸ್, ಒಂದು ಅಂಗಿ ಹೊಲದು ಜಿಲ್ಲಾಕ್ಕೆಲ್ಲಾ ಹಂಚಿದ್ರ ಆತು. ಊರೂರಿಗೆ ಹೋಗಿ ಎದಿ ಅಳತಿ ತೊಗೋತೀನಿ ಅಂದ್ರ ದರ್ಜಿ ಸತ್ತಽ ಹೋಗ್ತಾನ" ಎಂದರು ನಾನು ಸೇರಿದ ಹೊಸತರಲ್ಲಿ.

"ಸರ್, ಸ್ಕೂಲ್ ಯೂನಿಫಾರ್ಮನ್ನೂ ಅಳತೆ ತೆಗೆದುಕೊಂಡೇ ಹೊಲಿಯುತ್ತಾರೆ" ಎಂದೆ.

"ನಿಮ್ಮ ಕಾನ್ವೆಂಟಿನಾಗ ಹೊಲೀತಾರ. ಇಲ್ಲಿ ಅಣ್ಣಂದು ತಮ್ಮಗ ಬರ್ತೈತಿ."

ಆದರೂ ಅವರು ನನ್ನನ್ನು ತಡೆಯಲಿಲ್ಲ. ಒಂದು ಜೀಪು ಕೊಟ್ಟರು, ಜೊತೆಗೆ ಡ್ರೈವರ್ ಮೌಲಾಸಾಬರನ್ನು ಕೊಟ್ಟರು. ಬೆಳಗಾವಿಯ ಕಾನ್ವೆಂಟಿನಿಂದ ಬಂದ ನನ್ನ ಕನ್ನಡವನ್ನು ಊರಿನ ಕನ್ನಡಕ್ಕೆ ತಿರುಗಿಸುವುದೂ ಬರಬರುತ್ತ ಮೌಲಾಸಾಬರ ಡ್ಯೂಟಿಯಾಯಿತು. ನಾನು "ತಾವೆಲ್ಲರೂ ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕು" ಎನ್ನುವಷ್ಟರಲ್ಲಿ ಅವರು ಜೀಪಿನ ಬಾನೆಟ್ಟಿಗೆ ಆತುಕೊಂಡು ಕೂಗುತ್ತಿದ್ದರು: "ಸಾಲಿ ಹೆಂಗ ಬೇಕು ಅಂತ ಬಾಯಾರು ಕೇಳಾಕತ್ತಾರ! ಈಗ ಬಾಯಿ ಬಿಡ್ರಿ. ಕಟ್ಟಿದ ಮ್ಯಾಲ ಕಟ್ಟಿ ಮ್ಯಾಲ ಕುಂತು ಒದರಬ್ಯಾಡ್ರಿ!" ಬಾಯಾರು ಎಂದರೆ ನಾನು. ಕೆಲಸ ನಡೆಯುತ್ತಿದ್ದುದು ಅವರ ಮಾತಿನಿಂದ.

ಇಂಡಿಯ ಕಥೆ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನು ಮೊದಲ ಸಲ ಚೆನ್ನಾಗಿ ನಗೆಪಾಟಲಾದೆ. ಚಡಚಣದ ಕಡೆ ಒಂದು ಊರು. ಹಿಂದಿನ ಬೇಸಿಗೆಯ ಗಾಳಿಗೆ ಶಾಲೆಯ ತಗಡು ಎದ್ದು ಹೋಗಿ ಕಬ್ಬಿನ ಹೊಲದಲ್ಲಿ ಬಿದ್ದಿತ್ತು. ನಾನು ರಟ್ಟಿನಲ್ಲಿ ಒಂದು ಮಾಡೆಲ್ ಮಾಡಿಕೊಂಡು ಹೋಗಿದ್ದೆ. ಪುಟ್ಟ ಕಿಟಕಿ, ಪುಟ್ಟ ಬಾಗಿಲು, ಐ ವಾಸ್ ಸೋ ಪ್ರೌಡ್ ಆಫ್ ಇಟ್. ಊರವರೆಲ್ಲ ಸುತ್ತ ಕೂತರು. ಒಳಗಿನ ಕೋಣೆಗಳು ಕಾಣಲಿ ಎಂದು ನಾನು ಚಾವಣಿಯನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟೆ.

ಮುಂದೆ ಕೂತಿದ್ದ ಒಬ್ಬ ಮುದುಕರು ಗಡ್ಡ ಕೆರೆದುಕೊಂಡರು. "ತಡೀರಿ ಬಾಯಾರ. ಹ್ವಾದ ವರ್ಷ ಗಾಳಿ ಬಂದು ಮಾಳಿಗಿ ತಗೀತು. ಈ ವರ್ಷ ನೀವಽ ಬಂದು ತಗದು ತೋರಸಾಕತ್ತೀರಲ್ರಿ?"

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಅವಸರದಲ್ಲಿ ಚಾವಣಿಯನ್ನು ಮತ್ತೆ ಕೂರಿಸಿದೆ, ಅದು ಓರೆಯಾಗಿ ಕೂತಿತು. ನಗು ಮತ್ತೆ ಶುರು. ಆ ಮಾಡೆಲ್ ಆಮೇಲೆ ದೇಶಪಾಂಡೆ ಸಾಹೇಬರ ಮೇಜಿನ ಮೇಲೆ ಪೆನ್ನು ಚುಚ್ಚಿಡಲು ಉಪಯೋಗವಾಯಿತು.

ಆದರೆ ಆ ನಗುವಿನಿಂದಲೇ ಮಾತು ಶುರುವಾಯಿತು. ತಗಡನ್ನು ಯಾವುದಕ್ಕೆ ಕಟ್ಟುತ್ತೀರಿ, ಆ ಕಟ್ಟಿದ್ದನ್ನು ಯಾವುದಕ್ಕೆ ಕಟ್ಟುತ್ತೀರಿ ಎಂದು ಕೇಳುತ್ತ ಹೋದರು. ಗೋಡೆಯ ಮೇಲಿನ ಕಾಂಕ್ರೀಟ್ ಪಟ್ಟಿಯೊಳಗಿನಿಂದಲೇ ಕಬ್ಬಿಣದ ಕೊಕ್ಕೆ ಎದ್ದು ಬಂದು ತೊಲೆಯನ್ನು ಹಿಡಿಯುತ್ತದೆ ಎಂದು ನಾನು ನೆಲದ ಮೇಲೆ ಕಡ್ಡಿಯಿಂದ ಬರೆದೆ. ಶಾಲೆ ಕಟ್ಟಿ ಮುಗಿದಾಗ ಅವರು ಸುಮ್ಮನೆ ನಂಬಲಿಲ್ಲ. ತೊಲೆಗೆ ಹಗ್ಗ ಬಿಗಿದು ಗರಡಿ ಮನೆಯ ಪೈಲ್ವಾನರನ್ನು ಕರೆತಂದರು. ಅವರು ತೊಡೆ ತಟ್ಟಿಕೊಂಡು, ಮೇಲೆ ಕಟ್ಟಿದ ಅಟ್ಟಣಿಗೆಯಿಂದ, ಗಾಳಿ ಎತ್ತುವ ಹಾಗೆ ಮೇಲಕ್ಕೆ ಜಗ್ಗಿದರು. ಊರೆಲ್ಲ ಶಿಳ್ಳೆ ಹೊಡೆಯಿತು. ತೊಲೆ ಮಿಸುಕಲಿಲ್ಲ, ಒಬ್ಬ ಪೈಲ್ವಾನ ಮಾತ್ರ ಎರಡು ದಿನ ಸೊಂಟ ಹಿಡಿದುಕೊಂಡು ಓಡಾಡಿದ. ಲೋಡ್ ಟೆಸ್ಟ್ ಎಂದರೆ ನಾನು ಪುಸ್ತಕದಲ್ಲಿ ಓದಿದ್ದೆ. ಶಿಳ್ಳೆ ಹೊಡೆಸಿಕೊಂಡ ಲೋಡ್ ಟೆಸ್ಟ್ ಅದೊಂದೇ.

ಅಂದಿನಿಂದ ಮಾಡೆಲ್ ಬಿಟ್ಟೆ, ನೀಲಿ ಹಾಳೆಯನ್ನೂ ಬಿಟ್ಟೆ. ಶಾಲೆಯನ್ನು ಅದರ ಪೂರಾ ಅಳತೆಯಲ್ಲಿ ನೆಲದ ಮೇಲೇ ಬೂದಿಯಿಂದ ಬರೆಯುವುದನ್ನು ರೂಢಿ ಮಾಡಿಕೊಂಡೆ. ಮೊದಲು ಮಾಡಿದ್ದು ಸಿಂದಗಿ ತಾಲೂಕಿನಲ್ಲಿ, ದೇವಣಗಾಂವದ ಕಡೆಯ ಒಂದು ಹಳ್ಳಿಯಲ್ಲಿ. ಬೂದಿಯ ಗೆರೆ ಅಷ್ಟೇ, ಆದರೆ ಊರವರು ಅದನ್ನು ಗೋಡೆ ಎಂದೇ ತಿಳಿದರು. ಹಿರಿಯರು ಗೆರೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಒಬ್ಬಾತ ಮರೆತು ಗೆರೆ ದಾಟಿದ್ದಕ್ಕೆ "ಗ್ವಾಡಿ ಕೆಡವಿದಿ ನೋಡ, ಕಣ್ಣು ಎಲ್ಲಿ ಇಟ್ಟೀಯೋ!" ಎಂದು ಬೈಸಿಕೊಂಡ, ಪಾಪ ತಿರುಗಿ ಹೋಗಿ ಬಾಗಿಲಿನಿಂದ ಬಂದ. ಮಕ್ಕಳನ್ನೆಲ್ಲ ಒಳಗೆ ಕೂರಿಸಿ ಓಡಿರಿ ಎಂದೆವು. ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕೈಯಲ್ಲಿದ್ದ ಪಾಟಿಗಳು, ಎಂದರೆ ಸ್ಲೇಟುಗಳು, ಒಡೆದವು. ತಾಯಂದಿರೇ ಹಿಂದಿನ ಗೆರೆ ಅಳಿಸಿ ಇನ್ನೊಂದು ಬಾಗಿಲು ಮಾಡಿದರು. ನನ್ನ ಎರಡು ಬಾಗಿಲಿನ ಕೋಣೆ ಹುಟ್ಟಿದ್ದು ಹಾಗೆ. ದೇಶಪಾಂಡೆ ಸಾಹೇಬರು ಮುದ್ದೇಬಿಹಾಳದ ಒಂದು ಮೀಟಿಂಗಿನಲ್ಲಿ ಅದನ್ನು ಕೇಳಿ, ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, "ಟೈಪ್ ಪ್ಲಾನಿನಾಗ ಸೇರಸ್ರಿ" ಎಂದರು. ಅವರ ಹೊಗಳಿಕೆ ಇರುತ್ತಿದ್ದುದು ಅಷ್ಟೇ.

ಇನ್ನು ಬಸವನ ಬಾಗೇವಾಡಿ ತಾಲೂಕಿನ ಆ ಶಾಲೆ. ಊರಿನ ಹೆಸರು ಬರೆಯುವುದಿಲ್ಲ. ಡೋಣಿ ಹೊಳೆಯ ದಂಡೆಯ ಊರು ಎಂದರೆ ಸಾಕು.

ಅಲ್ಲಿ ಶಾಲೆ ನಡೆಯುತ್ತಿದ್ದುದು ಒಂದು ಹಳೆಯ ಮಣ್ಣಿನ ಮನೆಯಲ್ಲಿ. ಒಂದು ಮಳೆಗಾಲದ ಭಾನುವಾರ ಅದರ ಗೋಡೆ ಕುಸಿದು, ಮಾಳಿಗೆ ಪೂರಾ ಕೆಳಗೆ ಕೂತಿತು. ರಜೆಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಮರುದಿನದಿಂದ ಗುಡಿಯ ಅಂಗಳದ ಬೇವಿನ ಮರದ ಕೆಳಗೆ ಪಾಠ ಶುರುವಾಯಿತು. ಗಂಡು ಹುಡುಗರು ಬಂದರು. ಹೆಣ್ಣುಮಕ್ಕಳನ್ನು ತಾಯಂದಿರು ಕಳಿಸಲಿಲ್ಲ. ಹೊಸ ಶಾಲೆ ಕಟ್ಟುತ್ತಾರೆ ಎಂದರೂ ಒಪ್ಪಲಿಲ್ಲ.

ಸುಶೀಲಾ ಎಂಬ ಅಕ್ಕಾರು ಅಲ್ಲಿ ಟೀಚರ್. ಆ ಕಡೆ ಟೀಚರನ್ನು ಅಕ್ಕಾರು ಎನ್ನುತ್ತಾರೆ. ಆ ಊರಿನ ಹುಡುಗಿಯರಲ್ಲಿ ಅದುವರೆಗೆ ಯಾರೂ ಏಳನೆಯ ಇಯತ್ತೆಯ, ಎಂದರೆ ತರಗತಿಯ, ಕೊನೆಯ ಮುಲ್ಕಿ ಪರೀಕ್ಷೆಗೆ ಕೂತಿರಲಿಲ್ಲ. ತನ್ನ ಮೂರನೆಯ ಇಯತ್ತೆಯ ಹುಡುಗಿಯರನ್ನು ಅಲ್ಲಿಯವರೆಗೆ ಒಯ್ಯಬೇಕೆಂದು ಆಕೆಗೆ ಹಟ. ಈಗ ಆ ಹುಡುಗಿಯರೇ ಇಲ್ಲ. ಹುಡುಗಿಯರು ಬಾರದಿದ್ದರೆ ಅಕ್ಕಾರ ಜಾಗವನ್ನು ಬೇರೆ ಊರಿಗೆ ಸರಿಸುತ್ತೇವೆ ಎಂದು ಮೇಲಿನವರು ಆಗಲೇ ಹೇಳಿದ್ದರು.

"ಬಾಯಾರ, ನೀವು ಸಾಲಿ ಚಂದ ಕಟ್ಟಬ್ಯಾಡ್ರಿ" ಎಂದರು ಸುಶೀಲಾ ಅಕ್ಕಾರು ಮೊದಲ ದಿನವೇ. "ಆ ಗಂಗವ್ವ ಹೂಂ ಅನ್ನೂ ಹಂಗ ಕಟ್ರಿ. ಗಂಗವ್ವ ಹೂಂ ಅಂದ್ರ ಓಣಿ ಹೂಂ ಅಂತೈತಿ."

ಗಂಗವ್ವ ಎಂದರೆ ಆ ಹುಡುಗಿಯರಲ್ಲಿ ಒಬ್ಬಳಾದ ಕಸ್ತೂರಿಯ ತಾಯಿ. ಗಟ್ಟಿ ಆಳು, ಗಟ್ಟಿ ಧ್ವನಿ. ನಾನು ಬೂದಿಯಲ್ಲಿ ಶಾಲೆ ಬರೆಯುವುದನ್ನು ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದಳು. ನಾನು ಕೈ ಒರೆಸಿಕೊಂಡು ಎದ್ದಾಗ ಹೇಳಿದಳು: "ನಿಮ್ಮ ಸಾಲಿ ಬಿದ್ರ ನೀವು ಮತ್ತೊಂದು ನಕ್ಷಾ ತಗೀತೀರಿ ಬಾಯಾರ. ನಾ ಎಲ್ಲಿಂದ ಮತ್ತೊಂದು ಕಸ್ತೂರೀನ್ನ ತರ್ಲಿ?"

"ಹಾಗಾದರೆ ಬೀಳದ ಹಾಗೆ ಹೇಗೆ ಕಟ್ಟುವುದು, ಕೂತು ಮಾತಾಡೋಣ" ಎಂದೆ. ಕೂತಳು. ಓಣಿಯೂ ಕೂತಿತು.

ಆ ಮಾತು ಹಲವು ವಾರ ನಡೆಯಿತು. ನನಗೆ ತಗಡಿನದೋ ಹಂಚಿನದೋ ಹಗುರವಾದ ಚಾವಣಿ ಬೇಕಿತ್ತು. ಅವರಿಗೆ ಬೇಕಾದದ್ದು ಮಣ್ಣಿನ ಮಾಳಿಗೆಯೇ. "ತಗಡು ಬ್ಯಾಡ, ಮಕ್ಕಳನ್ನ ಹುರಿಯಾಕ ಕಳಸ್ತೀವೇನು?" ಎಂದಳು ಒಬ್ಬಳು. "ಹಂಚಿನ ಮ್ಯಾಲ ಮಂಗ್ಯಾ ಕುಣಿದ್ರ ಹೊಸಾ ಹಂಚು ನೀವು ಬೆಂಗಳೂರಿಂದ ತರ್ತೀರೇನು?" ಎಂದಳು ಇನ್ನೊಬ್ಬಳು. ಕೊನೆಗೆ ರಾಜಿಯಾಯಿತು. ಅಡಿಪಾಯ ಎರೆಮಣ್ಣು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ, ಗರಸಿಗೆ, ಹೋಗಬೇಕು. ಮಾಳಿಗೆಯನ್ನು ಗೋಡೆ ಹೊರುವುದಲ್ಲ, ಮರದ ಕಂಬ-ತೊಲೆಗಳು ಹೊರಬೇಕು. ಹೀಗಾದರೆ ಗೋಡೆ ಬಿದ್ದರೂ ಮಾಳಿಗೆ ನಿಂತಿರುತ್ತದೆ. ಗೋಡೆಗೆ ಸುತ್ತ ಪಟ್ಟಿ. ಮಾಳಿಗೆಯ ಮೇಲೆ ಮಣ್ಣು ಒಂದು ಗೇಣು, ಅದಕ್ಕಿಂತ ಹೆಚ್ಚಿಲ್ಲ. ನಾನು ಕೈ ಅಗಲಿಸಿ ಗೇಣು ತೋರಿಸಿದೆ. ಗಂಗವ್ವ ತನ್ನ ಗೇಣು ಪಕ್ಕದಲ್ಲಿಟ್ಟಳು. ಆಕೆಯದೇ ದೊಡ್ಡದು. "ನಿಮ್ಮ ಗೇಣಽ ಇರ್ಲಿ ಬಿಡ್ರಿ" ಎಂದು ನಕ್ಕಳು. ಆಕೆ ನಕ್ಕದ್ದು ಅದು ಮೊದಲ ಸಲ.

ಒಂದು ಆಸೆ ಮಾತ್ರ ನನಗೆ ಕೈಗೂಡಲಿಲ್ಲ. ಗೋಡೆಯ ಬುಡದ ಸುತ್ತ ಹೊರಕ್ಕೆ ಇಳಿಜಾರಾಗಿ ಒಂದು ಮಣ್ಣಿನ ಕಟ್ಟೆ ಬೇಕಿತ್ತು. ಮಳೆನೀರು ಬುಡಕ್ಕೆ ಇಳಿಯದೆ ದೂರ ಹರಿಯಲಿ ಎಂದು. ದೇಶಪಾಂಡೆ ಸಾಹೇಬರು ಎಸ್ಟಿಮೇಟಿನಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದರು. "ಸಾಲಿಗೆ ಜರತಾರಿ ಅಂಚು ಬ್ಯಾಡ ಮಿಸ್" ಎಂದರು.

ಚಳಿಗಾಲದಲ್ಲಿ ಶಾಲೆ ತೆರೆಯಿತು. ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಕಸ್ತೂರಿಯೂ ಬಂದಳು. ಗಂಗವ್ವ ದಿನಾ ಮಗಳನ್ನು ಬಾಗಿಲ ತನಕ ಬಿಟ್ಟು, ಹೊರಗಿನಿಂದಲೇ ಒಮ್ಮೆ ಕತ್ತೆತ್ತಿ ಮಾಳಿಗೆ ನೋಡಿ ಹೋಗುತ್ತಿದ್ದಳಂತೆ. "ಇನ್ನೂ ಪೂರಾ ಹೂಂ ಅಂದಿಲ್ರಿ" ಎಂದು ಸುಶೀಲಾ ಅಕ್ಕಾರು ನನಗೆ ಹೇಳಿದರು. "ಒಂದು ಮಳಿಗಾಲ ನೋಡ್ತಾಳ."

ಮೇ ತಿಂಗಳ ಕೊನೆಯಲ್ಲಿ ನಾನು ಇನ್‌ಸ್ಪೆಕ್ಷನ್ನಿಗೆ ಹೋದೆ. ಇನ್ನೇನು ಶಾಲೆ ಶುರುವಾಗಬೇಕು, ಮಿರಗದ, ಎಂದರೆ ಮೃಗಶಿರೆಯ, ಮಳೆ ಬರಬೇಕು. ಜೀಪು ಊರ ಮುಂದೆ ತಿರುಗುತ್ತಲೇ ಹಾಡು ಕೇಳಿಸಿತು. ಬೀಸುವಾಗ ಹೇಳುವಂಥ ಹಾಡು. ಮೌಲಾಸಾಬರು ಬ್ರೇಕ್ ಒತ್ತಿ, "ಮಾಳಿಗಿ ಮ್ಯಾಲ ನೋಡ್ರಿ ಬಾಯಾರ" ಎಂದರು.

ಶಾಲೆಯ ಮಾಳಿಗೆಯ ಮೇಲೆ ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಏಣಿಯಿಂದ ಏಣಿಗೆ ಪುಟ್ಟಿಗಳು ಕೈ ಬದಲಾಗುತ್ತ ಮೇಲೆ ಹೋಗುತ್ತಿದ್ದವು. ಪುಟ್ಟಿಗಳ ತುಂಬ ಮಣ್ಣು.

ಆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಪ್ರತಿ ವರ್ಷ ಮಳೆಗೆ ಮುಂಚೆ ಮನೆಯ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ಅಲ್ಲಿಯ ಪದ್ಧತಿ. ಯಾವ ಮಣ್ಣೆಂದರೆ ಸವಳು ಮಣ್ಣು. ಉಪ್ಪಿನ ಅಂಶದ ಆ ಮಣ್ಣಿನಲ್ಲಿ ನೀರು ಇಳಿಯುವುದಿಲ್ಲ. ಡೋಣಿಯ ಆಚೆ ದಂಡೆಯಿಂದ ಅಗೆದು ತರಬೇಕು. ಮಾಳಿಗೆಗೆ ಮಣ್ಣು ಹಾಕದ ಮನೆ ಎಂದರೆ ದಿಕ್ಕಿಲ್ಲದ ಮನೆ. ತಮ್ಮ ಶಾಲೆ ದಿಕ್ಕಿಲ್ಲದ ಮನೆಯಾಗುವುದು ಆ ಹೆಂಗಸರಿಗೆ ಹೇಗೆ ಹಿಡಿಸೀತು? ಮನೆಗೊಂದು ಪುಟ್ಟಿ ಎಂದು ಶುರುವಾಗಿ, ಅವರಿಗಿಂತ ಇವರು ಹೆಚ್ಚು, ಇವರಿಗಿಂತ ಅವರು ಹೆಚ್ಚು ಎಂದು ನಡೆದುಬಿಟ್ಟಿತ್ತು. ನಾನು ಏಣಿ ಹತ್ತಿ ಕೈ ಊರಿದೆ. ಗೇಣು ಇರಬೇಕಾದಲ್ಲಿ ಮೊಳದ ಮೇಲಿತ್ತು.

"ಬರ್ರಿ ಬಾಯಾರ!" ಎಂದಳು ಗಂಗವ್ವ ಮೇಲಿನಿಂದ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಆಚೀ ದಂಡೀ ಮಣ್ಣರಿ. ಮೊದಲನೇ ಪಾಲು ಸಾಲಿಗೆ, ಉಳಿದದ್ದು ನಮ್ಮ ಮನಿಗೆ. ಈಗ ಒಂದು ಹನಿ ಸೋರಿದ್ರ ನನ್ನ ಹೆಸರು ಗಂಗವ್ವ ಅಲ್ಲ!"

ನಾನು ನಕ್ಕೆ. ಮೈ ಗುಡ್‌ನೆಸ್, ಆ ನಗು ನಗಲು ಎಷ್ಟು ಕಷ್ಟವಾಯಿತು. ಕೆಳಗಿಳಿದು ಸುಶೀಲಾ ಅಕ್ಕಾರ ಕೈ ಹಿಡಿದು ಕೋಣೆಯೊಳಗೆ ಎಳೆದುಕೊಂಡು ಹೋಗಿ, "ತೊಲೆ ನೋಡಿ" ಎಂದೆ. ನಡುವಿನ ತೊಲೆ ಹೊಟ್ಟೆ ಬಿಟ್ಟಿತ್ತು. ಒಣ ಮಣ್ಣಿಗೇ ಹೀಗಾದರೆ ನೆನೆದ ಮಣ್ಣಿಗೆ ಏನಾದೀತು ಎಂದು ಆಕೆಗೂ ಗೊತ್ತಾಯಿತು.

"ಹೇಳಬ್ಯಾಡ್ರಿ" ಎಂದರು ಪಿಸುಮಾತಿನಲ್ಲಿ. "ನಿಮ್ಮ ಕಾಲಿಗೆ ಬೀಳ್ತೀನಿ ಬಾಯಾರ. ಮಾಳಿಗಿ ಬಾಗೇತಿ ಅಂದ್ರ ಗಂಗವ್ವ ಕಸ್ತೂರೀನ್ನ ಮನ್ಯಾಗ ಕೂಡಸ್ತಾಳ. ಆಕೀ ಹಿಂದ ಎಲ್ಲಾರೂ. ಆಮ್ಯಾಲ ಈ ಸಾಲಿ ಯಾರಿಗೆ, ನಾ ಯಾರಿಗೆ?"

"ಹೇಳದಿದ್ದರೆ?"

ಅವರು ಮತ್ತೆ ತೊಲೆ ನೋಡಿದರು. ಅದರ ನೇರ ಕೆಳಗೆ ನಾಲ್ಕನೆಯ ಇಯತ್ತೆಯ ಹುಡುಗಿಯರ ಸಾಲು ಕೂಡುವ ಜಾಗ.

ಇಲ್ಲಿ ಒಂದು ಮಾತು, ನೀವು ಹೊಸಬರು ಕೇಳಬೇಕಾದದ್ದು. ಸುಲಭದ ದಾರಿ ನನ್ನ ಮುಂದಿತ್ತು. ದೇಶಪಾಂಡೆ ಸಾಹೇಬರಿಗೆ ಹೇಳಿ ಆಫೀಸಿನ ಕೂಲಿಗಳನ್ನು ಕರೆಸಿ, ರಿಪೇರಿ ಎಂದು ಹೆಸರು ಹೇಳಿ, ಮಣ್ಣು ಇಳಿಸಿಬಿಡಬಹುದಿತ್ತು. ತಂದವರ ಕಣ್ಣೆದುರಿಗೇ ಅವರ ಮಣ್ಣನ್ನು ಚೆಲ್ಲಿದ ಹಾಗಾಗುತ್ತಿತ್ತು. ಮುಂದಿನ ಬೇಸಿಗೆಗೆ, ಕಾರಣ ಗೊತ್ತಿಲ್ಲದ್ದರಿಂದ, ಮತ್ತೆ ಅಷ್ಟೇ ಮಣ್ಣು ಮೇಲೆ ಹೋಗುತ್ತಿತ್ತು. ಊರವರನ್ನು ಕೇಳಿ ಕಟ್ಟುತ್ತೇನೆ ಎಂದವಳು ಕಷ್ಟದ ಮಾತು ಬಂದಾಗ ಬಾಯಿ ಮುಚ್ಚಿಕೊಳ್ಳಬಹುದೇ? ಕೇಳುವುದು ಎಂದರೆ ಹೇಳುವುದೂ ಹೌದು.

ಸುಶೀಲಾ ಅಕ್ಕಾರು ಸೆರಗಿನಿಂದ ಮುಖ ಒರೆಸಿಕೊಂಡರು. "ಹೇಳ್ರಿ" ಎಂದರು. "ನಾನಽ ಕರೀತೀನಿ ಎಲ್ಲಾರ್ನೂ."

ನಾವಿಬ್ಬರೂ ತೊಲೆಯ ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿಯಾಗಿ ಕಟ್ಟಿದೆವು. ಹೆಂಗಸರು ಒಳಗೆ ಬಂದರು. ಗಂಗವ್ವ ಎಂದಿನಂತೆ ಹೊಸ್ತಿಲ ಹೊರಗೇ ನಿಂತಳು. ತುದಿಗಳಲ್ಲಿ ತೊಲೆಯಿಂದ ಎರಡು ಬೆರಳು ಕೆಳಗಿದ್ದ ದಾರವನ್ನು ನಡುವಿನಲ್ಲಿ ತೊಲೆಯ ಹೊಟ್ಟೆ ಕೆಳಕ್ಕೆ ಒತ್ತಿ ಹಿಡಿದಿತ್ತು, ಜಗ್ಗಿದ ಬಿಲ್ಲಿನ ಹೆದೆಯಂತೆ. ಎಲ್ಲರೂ ಕತ್ತೆತ್ತಿ ನೋಡಿದರು.

"ಇದು ನೀವು ಹಾಕಿದ ಮಣ್ಣಿನ ಭಾರ" ಎಂದೆ. "ಮಳೆ ಬಂದರೆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಗೇಣು ಮಣ್ಣಿಗೆ ಈ ತೊಲೆ ಗಟ್ಟಿ. ಮೊಳಕ್ಕೆ ಅಲ್ಲ. ಇಳಿಸಿದರೆ ಶಾಲೆ ಗಟ್ಟಿ. ಇಳಿಸದಿದ್ದರೆ ನಾನೇ ಈ ಬಾಗಿಲಿಗೆ ಕೀಲಿ ಹಾಕುತ್ತೇನೆ."

ಈ ಸಲ ಮೌಲಾಸಾಬರು ತರ್ಜುಮೆ ಮಾಡಲಿಲ್ಲ. ಬಾಗಿಲ ಬಳಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ನಾನು ಹೆದರಿದ್ದು ಗಂಗವ್ವ ಮಗಳನ್ನು ಎಳೆದುಕೊಂಡು ಹೋಗುತ್ತಾಳೆ ಎಂದು. ಆದದ್ದು ಬೇರೆ. ಮೂಲೆಯಿಂದ ಒಬ್ಬಳು, "ಇಳಸೋದಾದ್ರ ಮೊದಲ ಯಾರ್ದು ಇಳಸ್ತೀರಿ?" ಎಂದಳು. ಸರಿ, ಶುರುವಾಯಿತು!

"ನಮ್ಮದು ಮೊದಲ ಹಾಕಿದ್ದು, ಅದು ತಳಕ್ಕೈತಿ. ಅದನ್ನ ಮುಟ್ಟಬ್ಯಾಡ್ರಿ."

"ಆಹಾ, ನಿಂದು ಉಳೀಲಿ, ನಮ್ಮದು ಚೆಲ್ಲಲಿ? ನಮ್ಮ ಮನಿ ಮಣ್ಣೇನು ಮೈಲಿಗಿ ಆಗೇತೇನು?"

"ನಿಮ್ಮ ಪುಟ್ಟಿ ಅರ್ಧ ಇತ್ತು, ನಾ ಕಣ್ಣಾರೆ ನೋಡೀನಿ!"

"ಅರ್ಧ? ನಿನ್ನ ಕಣ್ಣಾಗ ಅರ್ಧ!"

ಮಾಳಿಗೆ ಬೀಳುವ ಭಯ ಎಲ್ಲಿಗೆ ಹೋಯಿತೋ. ಈಗ ಪ್ರಶ್ನೆ ಮರ್ಯಾದೆಯದು. ಶಾಲೆಗೆ ಕೊಟ್ಟದ್ದನ್ನು ವಾಪಸ್ ತಂದ ಮನೆ ಎಂದು ಯಾರು ಅನಿಸಿಕೊಳ್ಳಬೇಕು? ನನ್ನ ಸ್ಟ್ರಕ್ಚರ್ ಪುಸ್ತಕಗಳಲ್ಲಿ ಈ ಚಾಪ್ಟರ್ ಇರಲಿಲ್ಲ.

ಆಗ ಹೊಸ್ತಿಲಿನಿಂದ ಗಂಗವ್ವ ಕೇಳಿದಳು: "ಬಾಯಾರ, ಇಳಸಿದ ಮಣ್ಣು ಎಲ್ಲಿ ಚೆಲ್ಲವ್ರು?"

ನನಗೆ ದೇಶಪಾಂಡೆ ಸಾಹೇಬರ ಅಡ್ಡಗೆರೆ ಕಣ್ಣಿಗೆ ಬಂತು. ನೀರು ಇಳಿಯದ ಸವಳು ಮಣ್ಣು! ನಾನು ಬೇಡಿ ಬೇಡಿ ಸಿಗದ ಬುಡದ ಕಟ್ಟೆಗೆ ಇದಕ್ಕಿಂತ ಬೇರೆ ಯಾವ ಮಣ್ಣು ಬೇಕು? "ಚೆಲ್ಲುವುದೇ ಇಲ್ಲ" ಎಂದೆ, ಸ್ವಲ್ಪ ಕಿರುಚಿಯೇ ಹೇಳಿದೆನೇನೋ. "ಗೋಡೆಯ ಬುಡಕ್ಕೆ ಸುತ್ತ ಹಾಕಿ ಬಡಿಯೋಣ. ನೀರು ಅಡಿಪಾಯಕ್ಕೆ ಹೋಗುವುದಿಲ್ಲ. ಒಂದು ಪುಟ್ಟಿಯೂ ಶಾಲೆ ಬಿಟ್ಟು ಹೋಗುವುದಿಲ್ಲ."

ಗಂಗವ್ವ ಹೆಂಗಸರ ಕಡೆ ತಿರುಗಿದಳು. "ಕೇಳಿದ್ರೆಲ್ಲಾ? ಸಾಲಿಗೆ ಕೊಟ್ಟಿದ್ದು ಸಾಲ್ಯಾಗಽ ಇರ್ತೈತಿ. ಮ್ಯಾಲಿಂದು ಕೆಳಗ ಬರ್ತೈತಿ, ಅಷ್ಟಽ. ಮೊದಲನೇ ಪುಟ್ಟಿ ನಂದು. ಯಾರರ ನಕ್ರ ಹಲ್ಲು ಉದರಸ್ತೀನಿ." ಹೇಳಿದವಳೇ ಏಣಿ ಹತ್ತಿದಳು.

ಆಮೇಲೆ ನಿಲ್ಲಿಸುವವರಿಲ್ಲ. ನಾನೂ ಪುಟ್ಟಿ ಹೊತ್ತೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ತಲೆಯ ಮೇಲೆ ಪುಸ್ತಕ ಇಟ್ಟು ನೆಟ್ಟಗೆ ನಡೆಯುವುದನ್ನು ಕಲಿಸಿದ್ದರು. ಡಿಪೋರ್ಟ್‌ಮೆಂಟ್ ಎನ್ನುತ್ತಿದ್ದರು. ಅದು ನನ್ನ ಬದುಕಿನಲ್ಲಿ ಕೆಲಸಕ್ಕೆ ಬಂದದ್ದು ಅಂದು. "ಬಾಯಾರು ನಡ್ಯಾದು ನೋಡ್ರಿ, ಗೌರಿ ತಂದಂಗ ತರಾಕತ್ತಾರ" ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾಳಿಗೆಯ ಮೇಲೆ ನನ್ನ ಗೇಣಿನಷ್ಟು ಉಳಿಯುವವರೆಗೂ ಇಳಿಸಿದರು. ದಾರದ ಮೇಲಿನ ಒತ್ತಡ ಕಡಿಮೆಯಾಗುವುದನ್ನು ಸುಶೀಲಾ ಅಕ್ಕಾರು ಒಳಗಿನಿಂದ ಕೂಗಿ ಕೂಗಿ ಹೇಳುತ್ತಿದ್ದರು. ತೊಲೆಯ ಕೆಳಗೆ ಇನ್ನೊಂದು ಕಂಬ ಕೊಟ್ಟೆವು. ಗೋಡೆಯ ಸುತ್ತ ನನ್ನ ಜರತಾರಿ ಅಂಚು, ಬಡಿದು ಬಡಿದು ಕಲ್ಲಾದದ್ದು, ಎದ್ದು ಬಂತು.

ಶಾಲೆ ಶುರುವಾದ ದಿನ ಹುಡುಗಿಯರು ಬಂದರು, ಆದರೆ ಎಲ್ಲರೂ ಅಲ್ಲ. ಮಾತು ಮಾತೇ, ತಾಯಿ ಎದೆ ತಾಯಿ ಎದೆಯೇ. ಮೋಡ ಕಟ್ಟಿದ ದಿನ ಅರ್ಧಕ್ಕರ್ಧ ಮನೆಯಲ್ಲಿ. ಕಸ್ತೂರಿ ಬಿಸಿಲಿದ್ದರೆ ಬರುವಳು, ಮಳೆ ಹನಿದರೆ ಗಂಗವ್ವ ಬಂದು ಕರೆದುಕೊಂಡು ಹೋಗುವಳು. ಅಕ್ಕಾರ ಜಾಗ ಬೇರೆ ಊರಿಗೆ ಸರಿಸುವ ಮಾತು ಇನ್ನೂ ತೂಗುತ್ತಲೇ ಇತ್ತು. ಸುಶೀಲಾ ಅಕ್ಕಾರು ಆಕಾಶ ನೋಡಿ ಹಾಜರಿ ಹೇಳುವಷ್ಟು ಪಳಗಿದ್ದರು.

ಸೆಪ್ಟೆಂಬರಿನ ಉತ್ತರೆ ಮಳೆಯಲ್ಲಿ ಡೋಣಿ ಹೊಳೆ ಉಕ್ಕಿ ಬಂತು. ಜಿಲ್ಲೆಯೆಲ್ಲ ನೆನೆದು ತೊಪ್ಪೆಯಾಗಿತ್ತು. ಹಲವು ಕಡೆ ಗೋಡೆ ಬಿದ್ದ ಸುದ್ದಿ. ದೇಶಪಾಂಡೆ ಸಾಹೇಬರು ತಾವೇ ನೋಡಬೇಕೆಂದು ನನ್ನ ಜೊತೆ ಜೀಪಿನಲ್ಲಿ ಹೊರಟರು. ಊರಿನ ಅಂಚಿಗೆ ಜೀಪು ಎರೆಮಣ್ಣಿನಲ್ಲಿ ಹೂತಿತು. ಮೌಲಾಸಾಬರನ್ನು ಅದರ ಜೊತೆ ಬಿಟ್ಟು, ಸಾಹೇಬರು ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿಗೆ ಮಡಿಸಿ, ಬೂಟು ಕೈಯಲ್ಲಿ ಹಿಡಿದು ನನ್ನ ಹಿಂದೆ ಬಂದರು.

ಶಾಲೆ ಕಾಣುತ್ತಲೇ ನಾನು ಹೆಜ್ಜೆ ಬಿರುಸು ಮಾಡಿದೆ. ಓಣಿಯ ಹೆಂಗಸರೆಲ್ಲ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು, ಸೊಂಟದ ಮೇಲೆ ಕೂಸು ಇಟ್ಟುಕೊಂಡು, ಶಾಲೆಯ ಕಡೆ ಓಡುತ್ತಿದ್ದರು. ಗಂಗವ್ವ ಎಲ್ಲರಿಗಿಂತ ಮುಂದೆ. ಹುಡುಗಿಯರನ್ನು ಕರೆದೊಯ್ಯಲು ಬಂದರು, ಇನ್ನು ಆಯಿತು, ಸುಶೀಲಾ ಅಕ್ಕಾರ ಜಾಗ ಹೋಯಿತು ಎಂದುಕೊಂಡೆ. ಬುಡದ ಕಟ್ಟೆಯ ಮೇಲಿನಿಂದ ನೀರು ಸರಸರನೆ ಹೊರಕ್ಕೆ ಹರಿಯುತ್ತಿತ್ತು. ಗೋಡೆಯ ಬುಡದಲ್ಲಿ ನೀರು ನಿಂತಿರಲಿಲ್ಲ. ಅದನ್ನೂ ಸಾಹೇಬರಿಗೆ ತೋರಿಸಲು ಮರೆತೆ.

ನಾವು ಬಾಗಿಲು ಮುಟ್ಟುವಾಗ ಒಬ್ಬರೂ ಹೊರಗೆ ಬಂದಿರಲಿಲ್ಲ. ಇಣುಕಿದೆ. ಕೋಣೆ ತುಂಬಿತ್ತು. ಮುಂದೆ ನಾಲ್ಕನೆಯ ಇಯತ್ತೆಯ ಹುಡುಗಿಯರು ಪಾಟಿ ಹಿಡಿದು ಕೂತಿದ್ದರು. ಅವರ ಹಿಂದೆ ತಾಯಂದಿರು, ಕೂಸುಗಳು, ಒಂದು ಹಿಟ್ಟಿನ ಡಬ್ಬಿ, ಹಾಸಿಗೆಯ ಸುರುಳಿಗಳು. ಹೊಸ ಕಂಬಕ್ಕೆ ಬೆನ್ನು ಕೊಟ್ಟು, ತೊಲೆಯ ನೇರ ಕೆಳಗೆ, ಗಂಗವ್ವ.

"ಏನ್ರಿ ಗಂಗವ್ವಾ, ಇದೇನು?" ಎಂದೆ.

"ಏನಂತ ಹೇಳಲ್ರಿ" ಎಂದಳು, ನಾಚಿಕೆ ನಗೆಯಲ್ಲಿ. "ಚಲೋ ಮಣ್ಣೆಲ್ಲಾ ಸಾಲಿಗೆ ಹಾಕಿದ್ವಿ. ನಮ್ಮ ಮನಿಗೋಳಿಗೆ ಉಳೀಲೇ ಇಲ್ಲ. ಊರಾಗಿನ ಎಲ್ಲಾ ಮನಿ ಜರಡಿ ಆಗ್ಯಾವ. ಇದೊಂದಽ ಸೋರವಲ್ದು. ಏ ಸರೀರವಾ, ಸಾಹೇಬ್ರಿಗೆ ಜಾಗಾ ಬಿಡ್ರಿ. ಸಾಹೇಬ್ರ, ಬೂಟು ಹೊರಗ ಇಡ್ರಿ. ಮಕ್ಕಳು ಕೂಡೂ ಜಾಗಾ ಐತಿ."

ದೇಶಪಾಂಡೆ ಸಾಹೇಬರು ಬೂಟು ಹೊರಗಿಟ್ಟು, ಹಿಟ್ಟಿನ ಡಬ್ಬಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಹೊರಗೆ ಮಳೆ ಜಡಿಯುತ್ತಿತ್ತು. ಸುಶೀಲಾ ಅಕ್ಕಾರು ಒಮ್ಮೆ ನನ್ನ ಕಡೆ ನೋಡಿ, ಮೇಜಿನ ಹತ್ತಿರ ಹೋಗಿ ಹಾಜರಿ ಕರೆಯಲು ಶುರು ಮಾಡಿದರು. ಒಂದೊಂದು ಹೆಸರಿಗೂ ಒಂದೊಂದು ಧ್ವನಿ ಬಂತು. ಯಾವ ಹೆಸರೂ ಖಾಲಿ ಹೋಗಲಿಲ್ಲ.

"ಕಸ್ತೂರಿ."

"ಹಾಜರ್ರಿ" ಎಂದಳು ಮಗಳು.

ಹಿಂದಿನ ಸಾಲಿನಿಂದ, ಯಾರೂ ಕರೆಯದೆ, ಇನ್ನೊಂದು ಗಟ್ಟಿ ಧ್ವನಿ: "ಆಕೀ ಅವ್ವನೂ ಹಾಜರ್ರಿ ಅಕ್ಕಾರ. ಬರಕೋರಿ."